ಅರಶಿನ ಬೀಜ ಕಟ್ಟುವುದಿಲ್ಲ, ಯಾಕೆ?

ಅರಶಿನ ಶುಂಠಿ ಕುಟುಂಬದ ಗಿಡ, ಶಾಸ್ತ್ರೀಯ ಹೆಸರು ಕರ್ಕ್ಯುಮಾ ಲಾಂಗಾ. ನಾವು ಹುಡಿ ಮಾಡುವ ಕೊಂಬು ಬೇರಲ್ಲ, ಮಣ್ಣೊಳಗಿನ ಕಾಂಡ. ಗೆಣ್ಣು, ಮೊಳಕೆಯ ಕಣ್ಣು ನೋಡಿದರೆ ಗೊತ್ತಾಗುತ್ತದೆ.

ಗಟ್ಟಿ ಪ್ರಶ್ನೆ ಬೇರೆಯೇ ಇದೆ. ಚೆಂದದ ಹೂ ಬಿಟ್ಟರೂ ಬೀಜ ಯಾಕಿಲ್ಲ? ‘ತ್ರಿಗುಣಿತ ಸಸ್ಯ’ ಎಂದು ಬರೆದರೆ ಅಂಕ ಸಿಕ್ಕೀತು, ಆದರೆ ವಿಷಯ ತಲೆಗೆ ಹತ್ತುವುದಿಲ್ಲ. ಇಲ್ಲಿ ನಿಧಾನಿಸಿ. ಕೋಶದಲ್ಲಿ 63 ವರ್ಣತಂತು: 21 ಬಗೆ, ಬಗೆಗೆ ಮೂರು. ಪರಾಗವೋ ಅಂಡವೋ ಆಗುವಾಗ ಈ ಮೂರು ಎರಡು ಪಾಲಾಗಬೇಕು. ಒಂದು ಕಡೆಗೆ ಎರಡು ಹೋದರೆ ಇನ್ನೊಂದು ಕಡೆಗೆ ಒಂದೇ. ಯಾವ ಕಡೆಗೆ ಎರಡು ಎಂಬುದಕ್ಕೆ ನಿಯಮವಿಲ್ಲ; ಒಂದು ಬಗೆ ಎಡಕ್ಕೆ ವಾಲಿದರೆ ಇನ್ನೊಂದು ಬಲಕ್ಕೆ. ಆದರೆ ಸಮತೂಕ ಬೇಕಾದರೆ 21 ಬಗೆಯೂ ಒಂದೊಂದೇ ಇರಬೇಕು, ಇಲ್ಲವೇ ಎಲ್ಲವೂ ಎರಡೆರಡು. ಈಗ ಲೆಕ್ಕ ಹಾಕಿ: 2ನ್ನು 21 ಸಲ ಬರೆದು ಗುಣಿಸಿದರೆ 20,97,152 ಸಾಧ್ಯತೆ. ಅದರಲ್ಲಿ ಸರಿಯಾದವು ಎರಡೇ. ಅಂದರೆ 10,48,576ಕ್ಕೆ ಒಂದು! ಅದೂ ಪರಾಗದ್ದು ಮಾತ್ರ. ಅಂಡವೂ ಇದೇ ಗಂಡಾಂತರ ದಾಟಬೇಕು. ಕೋಶ ಇಷ್ಟು ಅಚ್ಚುಕಟ್ಟಾಗಿ ನಡೆಯುವುದಿಲ್ಲ, ಆದರೂ ಕಾರಣ ಹಿಡಿಯಲು ಈ ಲೆಕ್ಕದಷ್ಟು ಒಳ್ಳೆಯ ದಾರಿ ನನಗೆ ಕಾಣಲಿಲ್ಲ. ಹೀಗಾಗಿ ಗಡ್ಡೆ ನೆಟ್ಟೇ ಬೆಳೆಸಬೇಕು. ಒಂದು ಗಡ್ಡೆಯ ಸಂತಾನವೆಲ್ಲ ಅದರದೇ ಪಡಿಯಚ್ಚು.

ಮಳೆ ಶುರುವಾಗುವಾಗ ನೆಟ್ಟದ್ದು ಏಳರಿಂದ ಒಂಬತ್ತು ತಿಂಗಳಲ್ಲಿ, ಎಲೆ ಒಣಗಿದ ಮೇಲೆ ಅಗೆಯಲು ಸಿಗುತ್ತದೆ. ಶ್ರಾವಣದ ಹೊತ್ತಿಗೆ ಎಲೆ ಅಗಲವಾಗಿರುತ್ತದೆ. ನಮ್ಮ ಉಡುಪಿ, ಮಂಗಳೂರು ಕಡೆ ನಾಗರಪಂಚಮಿಗೆ ಬನದಲ್ಲಿ ನಾಗನ ಕಲ್ಲಿಗೆ ಅರಶಿನ ಹುಡಿ, ಮನೆಯಲ್ಲಿ ಅರಶಿನ ಎಲೆಯ ಕಡುಬು. ಕೊಂಕಣಿಯವರಿಗೆ ಅದು ಪಾತೋಳಿ. ಎಲೆಗೆ ಅಕ್ಕಿ ಹಿಟ್ಟು ಹಚ್ಚಿ, ಬೆಲ್ಲ ಕಾಯಿತುರಿ ಇಟ್ಟು, ಮಡಚಿ ಹಬೆಯಲ್ಲಿ ಬೇಯಿಸುತ್ತಾರೆ. ಕಡುಬು ಹಳದಿಯಾಗುವುದಿಲ್ಲ, ಗಮನಿಸಿ. ಬಣ್ಣದ ಕರ್ಕ್ಯುಮಿನ್ ಇರುವುದು ಗಡ್ಡೆಯಲ್ಲಿ. ಎಲೆ ಕೊಡುವುದು ಪರಿಮಳದ ಎಣ್ಣೆ.

ಕರ್ಕ್ಯುಮಿನ್ ಕ್ಷಾರಕ್ಕೆ ಕೆಂಪಾಗುತ್ತದೆ. ಓಕುಳಿ ನೀರು, ಸಾಂಪ್ರದಾಯಿಕ ಕುಂಕುಮ, ಸಾರು ಚೆಲ್ಲಿದ ಅಂಗಿಗೆ ಸಾಬೂನು ತಾಗಿದಾಗ ಏಳುವ ಕೆಂಪು ಕಲೆ, ಎಲ್ಲಕ್ಕೂ ಇದೊಂದೇ ಕಾರಣ. ಲಿಂಬೆ ಹಿಂಡಿದರೆ ಮತ್ತೆ ಹಳದಿ. ಪ್ರಯೋಗಕ್ಕೆ ವೀಳ್ಯದ ತಟ್ಟೆಯ ಸುಣ್ಣವೇ ಸಾಕು.