ಅರವತ್ತು ಜನರ ಉಸಿರು, ಒಂದೇ ಸೂರು

ಹದಿನೈದು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಮೂರೂವರೆ ಮೀಟರ್ ಎತ್ತರದ ಒಂದು ರಾತ್ರಿ ತಂಗುದಾಣವನ್ನು ಲೆಕ್ಕಕ್ಕಾಗಿ ಕಲ್ಪಿಸಿಕೊಳ್ಳೋಣ. ಒಳಗೆ ಅರವತ್ತು ಮಂದಿ ಸಾಲಾಗಿ ಮಲಗಿದ್ದಾರೆ, ಚಳಿಯೆಂದು ಕಿಟಕಿಗಳನ್ನು ಮುಚ್ಚಲಾಗಿದೆ. ನಿದ್ರಿಸುವ ವಯಸ್ಕರೊಬ್ಬರು ಗಂಟೆಗೆ ಸುಮಾರು 12 ಲೀಟರ್ ಇಂಗಾಲದ ಡೈ ಆಕ್ಸೈಡ್ ಹೊರಬಿಡುತ್ತಾರೆಂದು ಹಿಡಿದರೆ, ಆ ಕೊಠಡಿಯ 525 ಘನ ಮೀಟರ್ ಗಾಳಿಗೆ ಗಂಟೆಗೆ 720 ಲೀಟರ್ ಸೇರುತ್ತದೆ. ಹೊರಗಿನ ಗಾಳಿಯಲ್ಲಿ ದಶಲಕ್ಷಕ್ಕೆ 420 ಭಾಗದಷ್ಟಿರುವ ಈ ಅನಿಲ, ಗಾಳಿ ಆಡದ ಕೊಠಡಿಯೊಳಗೆ ಒಂದೇ ಗಂಟೆಯಲ್ಲಿ 1,800ರ ಹತ್ತಿರ ಬಂದಿರುತ್ತದೆ. ಆ ಅನಿಲದಿಂದ ರೋಗ ಬರುವುದಿಲ್ಲ, ನಿಜ. ಆದರೆ ಅದು ಒಳ್ಳೆಯ ಸಾಕ್ಷಿ. ನಾವು ಹೊರಬಿಡುವ ಉಸಿರಿನಲ್ಲಿ ಅದರ ಪ್ರಮಾಣ ಸುಮಾರು ಶೇಕಡ 4ರಷ್ಟು ಇರುವುದರಿಂದ, 1,800ರ ಮಟ್ಟವೆಂದರೆ ಅಲ್ಲಿ ಮಲಗಿದವರು ಒಳಗೆಳೆದುಕೊಳ್ಳುವ ಗಾಳಿಯಲ್ಲಿ ಸುಮಾರು 29ರಲ್ಲಿ ಒಂದು ಪಾಲು ಆಗಲೇ ಯಾರದೋ ಶ್ವಾಸಕೋಶವನ್ನು ಹಾದು ಬಂದದ್ದು ಎಂದರ್ಥ. ಬೆಳಗಿನವರೆಗೆ ಇನ್ನೂ ಏಳು ಗಂಟೆ ಉಳಿದಿದೆ.

ಕೊರೊನಾ ವೈರಾಣುವನ್ನು ಹೊತ್ತ ಅತಿ ಸೂಕ್ಷ್ಮ ತುಂತುರು ಕಣಗಳು ಇದೇ ಗಾಳಿಯಲ್ಲಿ ತೇಲುತ್ತವೆ. ಸೋಂಕಿತರು ಕೆಮ್ಮಲೇಬೇಕೆಂದಿಲ್ಲ, ಮಾತು, ಗೊರಕೆ, ಬರಿಯ ಉಸಿರಾಟವೂ ಸಾಕು. ಹೀಗಾಗಿ ಬೀದಿಯ ಅಪಾಯಗಳಿಂದ ಕಾಪಾಡಲೆಂದೇ ಕಟ್ಟಿದ ಸೂರು ಸಾಂಕ್ರಾಮಿಕದ ಕಾಲದಲ್ಲಿ ಬೀದಿಗಿಂತ ಹೆಚ್ಚು ಅಪಾಯಕಾರಿಯಾಗಬಹುದು. ವಸತಿರಹಿತರ ರಕ್ಷಣೆಯ ಬಗ್ಗೆ ಯೋಚಿಸುವ ಯಾರೇ ಆದರೂ ಮೊದಲು ಈ ಇರಿಸುಮುರಿಸಿನ ಸತ್ಯವನ್ನು ಒಪ್ಪಿಕೊಳ್ಳಬೇಕಾಗುತ್ತದೆ, ಏಕೆಂದರೆ ನಮ್ಮ ಸಹಜ ಪ್ರವೃತ್ತಿ ಎಲ್ಲರನ್ನೂ ಬೇಗ ಬೇಗ ಒಳಗೆ ಸೇರಿಸಿ ಬಾಗಿಲು ಹಾಕುವುದೇ ಆಗಿರುತ್ತದೆ.

ರೋಗಲಕ್ಷಣ ಇರುವವರನ್ನು ಬಾಗಿಲಲ್ಲೇ ತಡೆಯೋಣ ಎಂಬ ಉಪಾಯ ಏನಾಯಿತೆಂದು ಅಮೆರಿಕದ ಬಾಸ್ಟನ್ ನಗರದ ಅನುಭವ ತೋರಿಸುತ್ತದೆ. 2020ರ ಏಪ್ರಿಲ್ ಆರಂಭದಲ್ಲಿ ಅಲ್ಲಿನ ದೊಡ್ಡ ಆಶ್ರಯ ಕೇಂದ್ರವೊಂದರಲ್ಲಿ, ಲಕ್ಷಣ ಇದ್ದವರನ್ನು ಮಾತ್ರ ಆರಿಸದೆ, ತಂಗಿದ್ದ 408 ಮಂದಿಯನ್ನು ಪರೀಕ್ಷಿಸಲಾಯಿತು. 147 ಮಂದಿಯಲ್ಲಿ, ಅಂದರೆ ಶೇಕಡ 36ರಷ್ಟು ಜನರಲ್ಲಿ, ಸೋಂಕು ಕಂಡುಬಂತು. ಆ ಸೋಂಕಿತರಲ್ಲಿ ಕೆಮ್ಮಿದ್ದವರು ಶೇಕಡ 7.5, ಜ್ವರವಿದ್ದವರು ಶೇಕಡ 0.7. ಎರಡನೆಯ ಅಂಕಿಯನ್ನು ಬಿಡಿಸಿ ನೋಡಿದರೆ 147ರಲ್ಲಿ ಒಬ್ಬರು! ಹಣೆಗೆ ಗುರಿಯಿಟ್ಟು ಜ್ವರ ಅಳೆಯುವ ಆ ಪಿಸ್ತೂಲಿನಂಥ ಥರ್ಮಾಮೀಟರ್ ಆ ಬಾಗಿಲಲ್ಲಿ ಒಬ್ಬರನ್ನು ಹಿಡಿದು 146 ಮಂದಿಯನ್ನು ಒಳಗೆ ಬಿಡುತ್ತಿತ್ತು. ಲಕ್ಷಣ ವಿಚಾರಿಸುವುದು ಬೇಡವೆಂದಲ್ಲ, ಕಾಯಿಲೆ ಬಿದ್ದವರನ್ನು ಬೇಗ ಗುರುತಿಸಲು ಅದು ಬೇಕು. ಆದರೆ ಅದನ್ನೇ ನೆಚ್ಚಿಕೊಂಡು ಒಳಗಿರುವವರೆಲ್ಲ ಸುರಕ್ಷಿತರು ಎಂದುಕೊಂಡರೆ ಮೋಸ ಹೋಗುತ್ತೇವೆ.

ಹಾಗಾದರೆ ಅಂತರ? ಹಾಸಿಗೆಗಳ ನಡುವೆ ಕನಿಷ್ಠ ಆರು ಅಡಿ ಬಿಡಬೇಕು, ಒಬ್ಬರ ತಲೆಯ ಪಕ್ಕಕ್ಕೆ ಮತ್ತೊಬ್ಬರ ಕಾಲು ಬರುವಂತೆ ಮಲಗಿಸಬೇಕು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಲಹೆ ನೀಡಿತ್ತು. ತಲೆ–ಕಾಲಿನ ಈ ಜೋಡಣೆಗೆ ಖರ್ಚಿಲ್ಲ, ಮುಖದಿಂದ ಮುಖಕ್ಕಿರುವ ದೂರವಂತೂ ಹೆಚ್ಚುತ್ತದೆ. ಆರು ಅಡಿಯ ಮಾತು ಬೇರೆ. ನಮ್ಮ ಲೆಕ್ಕದ ಕೊಠಡಿಯಲ್ಲಿ ತಲೆಗೆ ಎರಡೂವರೆ ಚದರ ಮೀಟರ್ ಮಾತ್ರ ಇದೆ. ನಿಯಮ ಪಾಲಿಸಿದರೆ ಅಲ್ಲಿ ಅರವತ್ತು ಮಂದಿ ಹಿಡಿಯುವುದಿಲ್ಲ, ಅದರರ್ಧ ಹಿಡಿದರೆ ಹೆಚ್ಚು. ಉಳಿದರ್ಧ ಜನ ಆ ರಾತ್ರಿ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸದೆ ಅಂತರದ ಸುತ್ತೋಲೆ ಹೊರಡಿಸುವುದು, ನನ್ನ ಪ್ರಕಾರ, ಕಾಗದದ ಮೇಲಿನ ರಕ್ಷಣೆ.

ಗಾಳಿಯ ವಿಷಯದಲ್ಲಿ ಮಾತ್ರ ಸಣ್ಣ ಬದಲಾವಣೆಗೂ ಒಳ್ಳೆಯ ಪ್ರತಿಫಲವಿದೆ. ಅದೇ ಕೊಠಡಿಯಲ್ಲಿ ಎದುರುಬದುರಿನ ಕಿಟಕಿಗಳನ್ನು ತೆರೆದು, ಫ್ಯಾನಿನಿಂದ ಗಾಳಿಯನ್ನು ಹೊರದೂಡಿ, ಗಂಟೆಗೆ ಮೂರು ಬಾರಿ ಒಳಗಿನ ಗಾಳಿ ಪೂರ್ತಿ ಬದಲಾಗುವಷ್ಟು ಹೊರಗಾಳಿ ಬರುವಂತೆ ಮಾಡಿದರೆ, ಅರವತ್ತು ಜನರಿದ್ದರೂ ಡೈ ಆಕ್ಸೈಡಿನ ಮಟ್ಟ 900ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕಿಟಕಿ ತೆರೆಯಲಾಗದಷ್ಟು ಚಳಿಯಿದ್ದಲ್ಲಿ, ಪೆಟ್ಟಿಗೆ ಫ್ಯಾನಿಗೆ ಸೂಕ್ಷ್ಮ ಕಣ ಸೋಸುವ ಫಿಲ್ಟರುಗಳನ್ನು ಟೇಪಿನಿಂದ ಅಂಟಿಸಿ ತಯಾರಿಸಿದ ಶೋಧಕವೂ ವೈರಾಣು ಹೊತ್ತ ಕಣಗಳನ್ನು ಹಿಡಿಯುತ್ತದೆ. ಅದು ಅನಿಲವನ್ನು ಸೋಸುವುದಿಲ್ಲವಾದ್ದರಿಂದ ಡೈ ಆಕ್ಸೈಡ್ ಅಳೆಯುವ ಮೀಟರಿನ ಅಂಕಿ ಮಾತ್ರ ಇಳಿಯದು. ಅಂಕಿ ಇಳಿಯಲಿಲ್ಲವೆಂದು ಅದನ್ನು ಆರಿಸಿಬಿಡಬಾರದು. ಇಷ್ಟಾದರೂ ಪಕ್ಕದ ಹಾಸಿಗೆಯವರ ಉಸಿರು ನೇರವಾಗಿ ಮುಖಕ್ಕೆ ಬರುವುದನ್ನು ಯಾವ ಫ್ಯಾನೂ ಪೂರ್ತಿ ತಪ್ಪಿಸದು.

ಅದನ್ನು ತಪ್ಪಿಸುವುದು ಗೋಡೆ ಮತ್ತು ಬಾಗಿಲು. 2020ರ ಮಾರ್ಚ್ ಕೊನೆಯಲ್ಲಿ ಇಂಗ್ಲೆಂಡ್ ಸರ್ಕಾರ, ಬೀದಿಯಲ್ಲಿ ಮಲಗುವವರನ್ನೂ ಸಾಮೂಹಿಕ ತಂಗುದಾಣಗಳಲ್ಲಿದ್ದವರನ್ನೂ ಸ್ವಂತ ಕೊಠಡಿಗಳಿಗೆ ಕಳುಹಿಸುವಂತೆ ಸ್ಥಳೀಯ ಆಡಳಿತಗಳಿಗೆ ಸೂಚಿಸಿತು. 'ಎವೆರಿವನ್ ಇನ್' ಎಂದು ಹೆಸರಾದ ಈ ಕಾರ್ಯಕ್ರಮದಲ್ಲಿ ಮೇ ತಿಂಗಳ ಹೊತ್ತಿಗೆ ಸುಮಾರು 15,000 ಮಂದಿಗೆ ತುರ್ತು ವಸತಿ ದೊರಕಿತ್ತು. ಪ್ರವಾಸಿಗರಿಲ್ಲದೆ ಹೋಟೆಲುಗಳು ಹೇಗೂ ಖಾಲಿ ಬಿದ್ದಿದ್ದವು. ಮೊದಲ ಅಲೆಯಲ್ಲಿ ಸ್ವಂತ ಕೊಠಡಿ ಮತ್ತು ಅದರ ಜೊತೆಗಿನ ಕ್ರಮಗಳು ಸುಮಾರು 21,000 ಸೋಂಕುಗಳನ್ನೂ 266 ಸಾವುಗಳನ್ನೂ ತಪ್ಪಿಸಿರಬಹುದು ಎಂದು ಅದೇ ವರ್ಷ 'ಲ್ಯಾನ್ಸೆಟ್' ಬಳಗದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಗಣಿತ ಮಾದರಿ ಅಂದಾಜಿಸಿತು. ಮಾದರಿಯ ಅಂದಾಜನ್ನು ಎಣಿಸಿದ ಲೆಕ್ಕದಂತೆ ಓದಬಾರದು, ಆದರೂ ಮೇಲಿನ ಕೊಠಡಿಯ ಲೆಕ್ಕವನ್ನು ನೋಡಿದವರಿಗೆ ಅದರ ದಿಕ್ಕು ಅಚ್ಚರಿ ತರುವಂಥದ್ದಲ್ಲ.

ಕೊಠಡಿ ಸಿಕ್ಕ ಮಾತ್ರಕ್ಕೆ ಎಲ್ಲರೂ ಅಲ್ಲಿ ನಿಲ್ಲುತ್ತಾರೆಂದಲ್ಲ. ಜೊತೆಗಿರುವ ನಾಯಿಗೆ ಪ್ರವೇಶವಿಲ್ಲ, ಗಂಡ ಹೆಂಡತಿಗೆ ಬೇರೆ ಬೇರೆ ಕಟ್ಟಡ, ಎರಡಕ್ಕಿಂತ ಹೆಚ್ಚು ಚೀಲ ತರುವಂತಿಲ್ಲ ಎಂಬಂಥ ನಿಯಮಗಳೇ ಹಲವರನ್ನು ಬೀದಿಗೆ ಮರಳಿಸುತ್ತವೆ. ಒಬ್ಬರ ಸರ್ವಸ್ವವೂ ಮೂರು ಚೀಲಗಳಲ್ಲಿರುವಾಗ ಒಂದನ್ನು ಬಿಟ್ಟು ಬನ್ನಿ ಎಂದರೆ ಯಾವುದನ್ನು ಬಿಡಬೇಕು? ಕುಡಿತಕ್ಕೆ ದೇಹ ಒಗ್ಗಿಹೋದವರ ಸ್ಥಿತಿ ಇನ್ನೂ ಸೂಕ್ಷ್ಮ. ಮದ್ಯ ದಿಢೀರನೆ ನಿಂತರೆ ಅವರಿಗೆ ನಡುಕ, ಭ್ರಮೆ, ಅಪಸ್ಮಾರದಂಥ ಸೆಳೆತ ಬರಬಹುದು, ಕೆಲವೊಮ್ಮೆ ಪ್ರಾಣವೇ ಹೋಗಬಹುದು. ಹೀಗಾಗಿ ಸ್ಯಾನ್ ಫ್ರಾನ್ಸಿಸ್ಕೊ ನಗರ ತನ್ನ ಪ್ರತ್ಯೇಕವಾಸದ ಹೋಟೆಲುಗಳಲ್ಲಿ ಅಂಥ ಕೆಲವರಿಗೆ ವೈದ್ಯರ ನಿಗಾದಲ್ಲಿ ಅಳತೆಯಂತೆ ಮದ್ಯವನ್ನೇ ಕೊಟ್ಟಿತು. ಟೀಕೆ ಸಾಕಷ್ಟು ಬಂತು. ಆದರೆ ಸೋಂಕಿತರು ಮದ್ಯ ಹುಡುಕಿಕೊಂಡು ಮಧ್ಯರಾತ್ರಿ ಹೊರಗೆ ಹೋಗುವುದಕ್ಕಿಂತ, ಒಳಗೇ ಸೆಳೆತಕ್ಕೆ ಸಿಲುಕುವುದಕ್ಕಿಂತ ಇದು ಮೇಲು ಎಂಬ ವೈದ್ಯರ ವಾದವನ್ನು ನಾನು ಒಪ್ಪುತ್ತೇನೆ.

ಕೊಠಡಿ ಸಿಗದವರು ಬೀದಿಯಲ್ಲೇ, ಟೆಂಟುಗಳಲ್ಲೇ ಉಳಿಯುತ್ತಾರೆ. ಪ್ರತ್ಯೇಕ ವಸತಿ ಒದಗಿಸಲಾಗದಿದ್ದರೆ ಅಂಥ ನೆಲೆಗಳನ್ನು ತೆರವುಗೊಳಿಸಬೇಡಿ ಎಂದು ಅದೇ ರೋಗ ನಿಯಂತ್ರಣ ಕೇಂದ್ರ ಹೇಳಿತ್ತು. ಚದುರಿಸಿದರೆ ಜನ ಊರಿನಾದ್ಯಂತ ಹರಡುತ್ತಾರೆ, ಅವರನ್ನು ಬಲ್ಲ ಆರೋಗ್ಯ ಕಾರ್ಯಕರ್ತರಿಗೆ ಮತ್ತೆ ಸಿಗುವುದಿಲ್ಲ. ಬಯಲಿನಲ್ಲಿ ಗಾಳಿಯ ಚಿಂತೆ ಕಡಿಮೆ, ಶೌಚಾಲಯದ ಚಿಂತೆ ಹೆಚ್ಚು. ಲಾಕ್‌ಡೌನ್ ಆದ ಕೂಡಲೇ ಗ್ರಂಥಾಲಯ, ಹೋಟೆಲು, ಮಾಲುಗಳ ಬಾಗಿಲು ಮುಚ್ಚುತ್ತವೆ, ಅವುಗಳ ಜೊತೆಗೆ ನಲ್ಲಿ, ಶೌಚಾಲಯ, ಮೊಬೈಲ್ ಚಾರ್ಜ್ ಮಾಡುವ ಪ್ಲಗ್ ಕೂಡ. ಕೋವಿಡ್‌ಗೂ ಮುಂಚೆ, 2016ರ ಕೊನೆಯಿಂದ 2018ರವರೆಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ಹಬ್ಬಿದ ಹೆಪಟೈಟಿಸ್–ಎ ಕಾಯಿಲೆ ಸುಮಾರು 590 ಮಂದಿಗೆ ತಗುಲಿ 20 ಮಂದಿಯನ್ನು ಬಲಿ ತೆಗೆದುಕೊಂಡಿತು, ಬಾಧಿತರಲ್ಲಿ ವಸತಿರಹಿತರ ಸಂಖ್ಯೆ ದೊಡ್ಡದಿತ್ತು. ಕೊನೆಗೆ ನಗರ ಬೀದಿ ಬದಿಯಲ್ಲಿ ಕೈತೊಳೆಯುವ ತೊಟ್ಟಿಗಳನ್ನು ಇಟ್ಟಿತು, ದಾದಿಯರು ಲಸಿಕೆಯನ್ನು ಜನರಿದ್ದಲ್ಲಿಗೇ ಒಯ್ದರು. ಕೊರೊನಾ ವೈರಾಣುವಿನ ಮೇಲಿರುವ ಕೊಬ್ಬಿನ ಹೊದಿಕೆಯನ್ನು ಸ್ಯಾನಿಟೈಸರ್ ಒಡೆಯುತ್ತದೆ, ಅಂಥ ಹೊದಿಕೆಯಿಲ್ಲದ ಹೆಪಟೈಟಿಸ್–ಎ ವೈರಾಣು ಅದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಸ್ಯಾನಿಟೈಸರ್ ಬಾಟಲಿ ಹಂಚಿ ಕೈತೊಳೆದುಕೊಂಡರಾಯಿತು ಎನ್ನುವ ನಗರ ಇದನ್ನು ಗಮನಿಸಬೇಕು: ಅಲ್ಲಿ ಬೇಕಾದದ್ದು ಸಾಬೂನು, ಹರಿಯುವ ನೀರು.

ಆ ಮೊಬೈಲ್ ಪ್ಲಗ್ಗಿನ ಮಾತು ಕ್ಷುಲ್ಲಕವೆನಿಸಬಹುದು. ಪರೀಕ್ಷೆಯ ಫಲಿತಾಂಶ ಬರುವುದು, ಸಂಪರ್ಕಿತರನ್ನು ಹುಡುಕುವುದು, ಲಸಿಕೆಯ ಎರಡನೇ ಡೋಸಿನ ದಿನ ನೆನಪಿಸುವುದು ಎಲ್ಲವೂ ಫೋನಿನ ಮೂಲಕವೇ. ಲಸಿಕೆಯ ಸರದಿಯನ್ನು ವಯಸ್ಸಿನ ಮೇಲೆ ನಿಗದಿ ಮಾಡುವುದೂ ಇವರಿಗೆ ಹೊಂದದು: ವರ್ಷಗಟ್ಟಲೆ ಬೀದಿಯಲ್ಲಿ ಕಳೆದವರಲ್ಲಿ ಐವತ್ತರ ಹರೆಯಕ್ಕೇ ಮುಪ್ಪಿನ ಕಾಯಿಲೆಗಳು ಕಾಣಿಸಿಕೊಳ್ಳುತ್ತವೆ, ಹುಟ್ಟಿದ ದಿನಾಂಕ ಅದನ್ನು ಹೇಳುವುದಿಲ್ಲ. 2021ರಲ್ಲಿ ಒಂದೇ ಡೋಸಿನ ಲಸಿಕೆ ಬಂದಾಗ, ಮೂರು ವಾರದ ನಂತರ ಅದೇ ವ್ಯಕ್ತಿಯನ್ನು ಮತ್ತೆ ಹುಡುಕುವ ಕಷ್ಟ ತಪ್ಪಿತೆಂದು ಹಲವು ನಗರಗಳ ಬೀದಿ ಆರೋಗ್ಯ ತಂಡಗಳು ಅದನ್ನೇ ಆರಿಸಿಕೊಂಡವು. ಏಪ್ರಿಲ್‌ನಲ್ಲಿ, ಅಪರೂಪದ ರಕ್ತ ಹೆಪ್ಪುಗಟ್ಟುವಿಕೆಯ ಕಾರಣಕ್ಕೆ, ಅಮೆರಿಕದಲ್ಲಿ ಅದರ ಬಳಕೆಗೆ ಹತ್ತು ದಿನ ತಡೆ ಬಿತ್ತು. ತಡೆ ತೆಗೆದ ಮೇಲೂ ಮತ್ತೆ ಚೀಲ ಹೊತ್ತು ಹೊರಟು, ಯಾರು ಯಾವ ಸೇತುವೆಯ ಕೆಳಗೆ, ಯಾವ ಮೆಟ್ಟಿಲ ಮರೆಯಲ್ಲಿ ಮಲಗುತ್ತಾರೆಂದು ಹೆಸರು ಸಮೇತ ಬಲ್ಲ ಕಾರ್ಯಕರ್ತರೇ ಅವರ ಬಳಿ ಕುಳಿತು ಲಸಿಕೆಯ ಮಾತನ್ನು ಮೊದಲಿನಿಂದ ಆಡಬೇಕಿತ್ತು.