ತೋರಿಕೆಯ ಆಕ್ರೋಶ: ಕೋಪ ಯಾರಿಗೆ ಕೇಳಿಸಬೇಕು?

ಅನ್ಯಾಯದ ಸುದ್ದಿ ಕಂಡೊಡನೆ ಜಾಲತಾಣದಲ್ಲಿ ನಾಲ್ಕು ಸಾಲು ಕೆಂಡ ಕಾರಿ, ಪ್ರೊಫೈಲ್ ಚಿತ್ರ ಬದಲಿಸಿ, ಮುಂದಿನ ವಾರ ಬೇರೊಂದು ಸಿಟ್ಟಿಗೆ ದಾಟಿಬಿಡುವುದನ್ನು 'ತೋರಿಕೆಯ ಆಕ್ರೋಶ' ಎನ್ನಬಹುದು. 'ಸ್ಲ್ಯಾಕ್ಟಿವಿಸಂ', 'ಪರ್ಫಾರ್ಮೆಟಿವ್ ಆಕ್ಟಿವಿಸಂ' ಎಂಬ ಹೆಸರುಗಳೂ ಇದಕ್ಕೆ ಚಾಲ್ತಿಯಲ್ಲಿವೆ. ಹಾಗೆ ಬರೆದವರ ಕೋಪ ಸುಳ್ಳೆಂದು ಹೇಳಲಾಗದು, ಬಹಳಷ್ಟು ಸಲ ಅದು ನಿಜವೇ ಆಗಿರುತ್ತದೆ. ನೋಡಬೇಕಾದದ್ದು ಆ ಮಾತು ಯಾರ ಕಿವಿಗೆ ಬೀಳಲೆಂದು ಹೊರಟಿದೆ ಎಂಬುದನ್ನು. ಚಳವಳಿಗಾರರು ಅಧಿಕಾರ ಇರುವವರನ್ನು ಹುಡುಕಿಕೊಂಡು ಹೋಗಿ, ಇಂಥದ್ದನ್ನು ಮಾಡಿ, ಇಂಥದ್ದನ್ನು ನಿಲ್ಲಿಸಿ ಎಂದು ಕೇಳುತ್ತಾರೆ. ತೋರಿಕೆಯ ಆಕ್ರೋಶಕ್ಕೆ ತನ್ನ ಬಳಗದವರು ನೋಡಿದರೆ ಸಾಕು.

2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಬಿಳಿಯ ಪೊಲೀಸನೊಬ್ಬ ಕಪ್ಪು ವರ್ಣದ ಜಾರ್ಜ್ ಫ್ಲಾಯ್ಡ್ ಅವರನ್ನು ಕೊಂದಾಗ ಆ ದೇಶದ ಬೀದಿಗಳು ತುಂಬಿದವು. ಜೂನ್ 2ರಂದು ಇನ್‌ಸ್ಟಾಗ್ರಾಂನಲ್ಲಿ ಲಕ್ಷಾಂತರ ಜನ ಕಪ್ಪು ಚೌಕವೊಂದನ್ನು ಹಾಕಿ ಸುಮ್ಮನಾದರು. ಒಂದು ದಿನ ವ್ಯವಹಾರ ನಿಲ್ಲಿಸೋಣ ಎಂದು ಸಂಗೀತೋದ್ಯಮದ ಇಬ್ಬರು ಮಹಿಳೆಯರು ಕೊಟ್ಟ ಕರೆ ಹಬ್ಬುತ್ತ ಹಬ್ಬುತ್ತ ಬರೀ ಚೌಕವಾಗಿ ಉಳಿಯಿತು. ಹಲವರು ಅದಕ್ಕೆ 'ಬ್ಲ್ಯಾಕ್ ಲೈವ್ಸ್ ಮ್ಯಾಟರ್' (ಕಪ್ಪು ಜನರ ಜೀವಕ್ಕೂ ಬೆಲೆಯಿದೆ) ಎಂಬ ಚಳವಳಿಯ ಹ್ಯಾಷ್‌ಟ್ಯಾಗನ್ನೂ ಅಂಟಿಸಿದರು. ಪ್ರತಿಭಟನೆ ಎಲ್ಲಿದೆ, ಬಂಧಿತರ ಜಾಮೀನಿಗೆ ಹಣ ಎಲ್ಲಿಗೆ ಕಳಿಸಬೇಕು ಎಂಬ ಮಾಹಿತಿಗಾಗಿ ಅದೇ ಹ್ಯಾಷ್‌ಟ್ಯಾಗ್ ನೋಡುತ್ತಿದ್ದವರಿಗೆ ಆ ದಿನ ಕಂಡದ್ದು ಸಾಲು ಸಾಲು ಕಪ್ಪು. ದಯವಿಟ್ಟು ತೆಗೆಯಿರಿ ಎಂದು ಹೋರಾಟಗಾರರೇ ಬೇಡಿಕೊಳ್ಳಬೇಕಾಯಿತು.

ಅದೇ ದೇಶ, ಅದೇ ವರ್ಣಭೇದ, 65 ವರ್ಷ ಹಿಂದೆ. 1955ರ ಡಿಸೆಂಬರ್ 1ರಂದು ಅಲಬಾಮದ ಮಾಂಟ್‌ಗೊಮರಿಯಲ್ಲಿ ಬಿಳಿಯ ಪ್ರಯಾಣಿಕನಿಗೆ ಬಸ್ಸಿನ ಆಸನ ಬಿಟ್ಟುಕೊಡದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಂಧನವಾಯಿತು. ಆ ರಾತ್ರಿಯೇ ಕಾಲೇಜು ಅಧ್ಯಾಪಕಿ ಜೋ ಆ್ಯನ್ ರಾಬಿನ್ಸನ್ ಕಾಲೇಜಿನ ಯಂತ್ರದಲ್ಲಿ ಹತ್ತಾರು ಸಾವಿರ ಕರಪತ್ರಗಳ ಪ್ರತಿ ತೆಗೆದರು. ಡಿಸೆಂಬರ್ 5ರಿಂದ ಕಪ್ಪು ಜನರು ಬಸ್ ಹತ್ತಲಿಲ್ಲ. ಈ ಬಹಿಷ್ಕಾರದ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಅವರ ಭಾಷಣ ಎಲ್ಲರಿಗೂ ನೆನಪಿದೆ, ನನಗೆ ಮಾತ್ರ ಈ ಕಥೆಯಲ್ಲಿ ಅತ್ಯಂತ ರೋಚಕವಾಗಿ ಕಾಣುವುದು ವಿಮೆ. ಜನರನ್ನು ಕೆಲಸಕ್ಕೆ ಮುಟ್ಟಿಸಲು ಸುಮಾರು 300 ಕಾರುಗಳ ವ್ಯವಸ್ಥೆಯಾಗಿತ್ತು. ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು, ಪೆಟ್ರೋಲಿಗೆ ಹಣ ಎಲ್ಲಿಂದ ಎಂದು ದಿನವೂ ಲೆಕ್ಕ. ಸ್ಥಳೀಯ ಕಂಪನಿಗಳು ಈ ಕಾರುಗಳ ವಿಮೆ ರದ್ದು ಮಾಡಿದಾಗ, ಸಂಘಟಕರು ಲಂಡನ್ನಿನ ಲಾಯ್ಡ್ಸ್‌ನಿಂದ ವಿಮೆ ತರಿಸಿದರು. ನಾಯಕರ ಮೇಲೆ ಮೊಕದ್ದಮೆ ಬಿತ್ತು, ಕಿಂಗ್ ಮನೆಗೆ ಬಾಂಬ್ ಬಿತ್ತು. ಬಹಿಷ್ಕಾರ 381 ದಿನ ನಡೆಯಿತು. ಬಸ್ಸಿನ ಭೇದನೀತಿ ಸಂವಿಧಾನಬಾಹಿರ ಎಂಬ ತೀರ್ಪನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದು, ಆ ಆದೇಶ ಊರಿಗೆ ತಲುಪಿದ ಮೇಲೆಯೇ ಜನ ಮತ್ತೆ ಬಸ್ ಹತ್ತಿದ್ದು. ವಿಮೆಯ ಕಾಗದಕ್ಕೆ ಯಾರೂ ಲೈಕ್ ಒತ್ತುವುದಿಲ್ಲ.

ಒತ್ತಿದರೂ, ಜಾಲತಾಣದ ಯಂತ್ರದ ಒಲವು ಬೇರೆಡೆಗೇ. 2017ರಿಂದ ಕೆಲಕಾಲ ಫೇಸ್‌ಬುಕ್ ಒಂದು ಲೈಕ್‌ಗಿಂತ ಐದು ಪಟ್ಟು ತೂಕವನ್ನು ಕೋಪದ ಮುಖದಂತಹ ಇಮೋಜಿಗಳಿಗೆ ಕೊಟ್ಟಿತ್ತೆಂಬುದು 2021ರಲ್ಲಿ ಸೋರಿಕೆಯಾದ ದಾಖಲೆಗಳಿಂದ ಹೊರಬಿತ್ತು. ಸಿಟ್ಟು ಬರಿಸುವ ಬರಹ ಹೆಚ್ಚು ಜನರಿಗೆ ಕಂಡಿತು, ಹೆಚ್ಚು ಕಂಡದ್ದು ಇನ್ನಷ್ಟು ಬರೆಸಿತು.

ಹಾಗೆಂದು ಮೊಬೈಲಿನಲ್ಲಿ ನಡೆಯುವುದೆಲ್ಲ ಪೊಳ್ಳು ಎಂದು ಮೂಗು ಮುರಿಯುವವರ ಜೊತೆ ನಾನಿಲ್ಲ. (ಬೀದಿಯಲ್ಲೂ ಫೋಟೊ ತೆಗೆದ ಕೂಡಲೇ ಚದುರುವ ಧರಣಿಗಳಿವೆ.) 2016ರಲ್ಲಿ ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ ಕಟ್ಟಲು ಸರ್ಕಾರ ಹೊರಟಾಗ, 'ಸ್ಟೀಲ್ ಫ್ಲೈಓವರ್ ಬೇಡ' ಎಂಬುದು ಹ್ಯಾಷ್‌ಟ್ಯಾಗ್ ಆಗಿಯೇ ಊರೆಲ್ಲ ಹರಡಿತು. ಆ ಮೂರು ಪದಗಳಲ್ಲಿ ಏನು ಬೇಡ ಎಂಬುದು ಸ್ಪಷ್ಟವಾಗಿತ್ತು, ನಿಲ್ಲಿಸಬೇಕಾದವರು ಯಾರು ಎಂಬುದೂ ಎಲ್ಲರಿಗೂ ಗೊತ್ತಿತ್ತು. ಅಕ್ಟೋಬರ್ 16ರಂದು ಸಾವಿರಾರು ಜನ ರಸ್ತೆಯ ಬದಿಯಲ್ಲಿ ಮಾನವ ಸರಪಳಿಯಾಗಿ ನಿಂತರು. 800ಕ್ಕೂ ಹೆಚ್ಚು ಮರ ಕಡಿಯುವ ಯೋಜನೆಗೆ ಸುಮಾರು 1,800 ಕೋಟಿ ರೂಪಾಯಿ ಏಕೆ ಎಂದು ಕೇಳಿದರು. ಕೆಲವರು ಹಸಿರು ನ್ಯಾಯಮಂಡಳಿಯ ಮೊರೆ ಹೋದರು. ತಿಂಗಳ ಕೊನೆಗೆ ಮಂಡಳಿಯ ಚೆನ್ನೈ ಪೀಠ ತಡೆಯಾಜ್ಞೆ ನೀಡಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಎರಡು ವರ್ಷವೂ ಕಳೆಯುವ ಮೊದಲೇ ಮುಂದಿನ ಸರ್ಕಾರದವರು ಅದೇ ಸೇತುವೆಯ ಮಾತೆತ್ತಿದರು, ಊರಿನವರು ಮತ್ತೆ ಬೇಡ ಎನ್ನಬೇಕಾಯಿತು.