ಎಂಟು ಜನ ಹಗ್ಗ ಹಿಡಿದರೆ ನಾಲ್ಕೇ ಜನರ ಬಲ

ತಂಡದ ಕೆಲಸ ಕುಂಟತೊಡಗಿದರೆ ಆಫೀಸಿನಲ್ಲಿ ಮೊದಲು ಹುಡುಕುವುದು ಸೋಮಾರಿಯನ್ನು. ಅವನು ಸಿಗದಿದ್ದರೆ ವಾಸ್ತು ಪಂಡಿತರನ್ನು ಕರೆಸಿ ಮೇಜು ತಿರುಗಿಸಿಡುವವರೂ ಇದ್ದಾರೆ! ಅದಕ್ಕೂ ಮೊದಲು ಮ್ಯಾಕ್ಸ್ ರಿಂಗಲ್‌ಮನ್ ಅವರ ಹಗ್ಗವನ್ನೊಮ್ಮೆ ನೋಡಬೇಕು.

ಫ್ರಾನ್ಸಿನ ಈ ಕೃಷಿ ಎಂಜಿನಿಯರಿಗೆ ಮನಶ್ಶಾಸ್ತ್ರದ ಗೊಡವೆ ಇರಲಿಲ್ಲ. ಎತ್ತು, ಕುದುರೆ, ಯಂತ್ರ, ಮನುಷ್ಯ, ಯಾರ ಎಳೆತ ಎಷ್ಟು ಎಂಬುದಷ್ಟೇ ಅವರ ಲೆಕ್ಕ. 1880ರ ದಶಕದ ಪ್ರಯೋಗಗಳು, ಅಚ್ಚಾದದ್ದು 1913ರಲ್ಲಿ. ಒಬ್ಬನೇ ಎಳೆದಾಗಿನ ಬಲ 100 ಎಂದಿಟ್ಟುಕೊಂಡರೆ ಇಬ್ಬರಾದಾಗ ತಲಾ 93, ನಾಲ್ವರಾದಾಗ 77, ಎಂಟು ಜನರಾದಾಗ ಬರೀ 49.

ಉಳಿದ ಬಲ ಎಲ್ಲಿ ಹೋಯಿತು? ಸೋಮಾರಿತನ ಎಂದುಬಿಡಬೇಡಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯಲ್ಲಿ ಎರಡೂ ಮೈಮುರಿದು ಎಳೆಯುತ್ತಿವೆ, ನೇಗಿಲು ಮಾತ್ರ ಮುಂದೆ ಹೋಗುವುದಿಲ್ಲ. ಹಗ್ಗ ಹಿಡಿದವರದೂ ಇದೇ ಪಾಡು: ಒಬ್ಬ ಪೂರ್ತಿ ಬಲ ಹಾಕುವ ಗಳಿಗೆಯಲ್ಲಿ ಪಕ್ಕದವನು ಉಸಿರೆಳೆದುಕೊಳ್ಳುತ್ತಿರುತ್ತಾನೆ. ತೇರು ಎಳೆಯುವಾಗ ಒಟ್ಟಿಗೆ ಕೂಗು ಹಾಕುವುದು ಸುಮ್ಮನೆ ಅಲ್ಲ. ರಿಂಗಲ್‌ಮನ್ ಕೂಡ ಹೆಚ್ಚಾಗಿ ದೂರಿದ್ದು ಈ ತಾಳತಪ್ಪನ್ನೇ.

ಹಾಗಾದರೆ ಮೈಗಳ್ಳತನ ಇಲ್ಲವೇ ಇಲ್ಲವೆ? ಇದೆ. 1979ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿಬ್ ಲಟಾನೆ ಮತ್ತು ಸಂಗಡಿಗರು ಮೈಗಳ್ಳತನ, ತಾಳತಪ್ಪು ಎರಡನ್ನೂ ಬೇರೆ ಮಾಡಿದ ಉಪಾಯ ನನಗೆ ಅಚ್ಚುಮೆಚ್ಚು. ವಿದ್ಯಾರ್ಥಿಗಳ ಕಣ್ಣಿಗೆ ಪಟ್ಟಿ, ಕಿವಿಗೆ ಹೆಡ್‌ಫೋನ್. ಗಂಟಲು ಹರಿಯುವಷ್ಟು ಕೂಗಬೇಕು. ಆರು ಜನ ನಿಜವಾಗಿ ಒಟ್ಟಿಗೆ ಕೂಗಿದಾಗ ತಲಾ ಶಬ್ದ ಒಂಟಿ ಕೂಗಿನ ಶೇ 36ಕ್ಕೆ ಇಳಿಯಿತು. ಆಮೇಲೆ ಒಬ್ಬನನ್ನೇ ನಿಲ್ಲಿಸಿ, ಜೊತೆಗೆ ಐವರಿದ್ದಾರೆಂದು ನಂಬಿಸಿ ಕೂಗಿಸಿದರು: ಶೇ 74. ಇಲ್ಲಿ ತಾಳ ತಪ್ಪಲು ಜೊತೆಗಾರರೇ ಇಲ್ಲ. ಅಂದರೆ 26 ಪಾಲು ಮನಸ್ಸು ಸಡಿಲಿಸಿದ್ದು, 38 ಪಾಲು ಒಬ್ಬರ ದನಿ ಇನ್ನೊಬ್ಬರದಕ್ಕೆ ಕೂಡದೆ ಸೋರಿದ್ದು. ದೊಡ್ಡ ತೂತು ಎರಡನೆಯದೇ!

ಮುಂದೆ 1981ರಲ್ಲಿ ಅದೇ ಬಳಗ ಒಬ್ಬೊಬ್ಬರ ದನಿಯನ್ನೂ ಬೇರೆಬೇರೆಯಾಗಿ ಅಳೆಯುತ್ತೇವೆಂದು ನಂಬಿಸಿದಾಗ ಮನಸ್ಸು ಸಡಿಲಿಸುವ ಮೊದಲ ಸೋರಿಕೆ ಹೆಚ್ಚುಕಡಿಮೆ ನಿಂತೇಹೋಯಿತು. ನಾನು ಹಿಂದೆ ಇದ್ದ ಒಂದು ಆಫೀಸಿನಲ್ಲಿ ಒಂಬತ್ತು ಜನರಿಗೆ ಒಟ್ಟಿಗೆ ಹೋದ ಮೇಲ್‌ಗೆ ಉತ್ತರವೇ ಬರುತ್ತಿರಲಿಲ್ಲ. ಒಬ್ಬರ ಹೆಸರು ಹಿಡಿದು ಬರೆದರೆ ಊಟದ ಹೊತ್ತಿಗೆ ಬರುತ್ತಿತ್ತು.

ಇದನ್ನೇ ನೆಪ ಮಾಡಿಕೊಂಡು ಮೌಸ್ ಅಲ್ಲಾಡಿಸಿದ್ದನ್ನು ಎಣಿಸುವ ಸಾಫ್ಟ್‌ವೇರ್ ಹಾಕುವವರ ಬಗ್ಗೆ ನನಗೆ ಸಿಟ್ಟಿದೆ. ಅದು ಬೆರಳಿನ ಓಡಾಟ ಎಣಿಸುತ್ತದೆ. ಇಬ್ಬರು ಮ್ಯಾನೇಜರುಗಳು ಒಂದೇ ಹುಡುಗಿಗೆ ಒಂದೇ ದಿನ ತದ್ವಿರುದ್ಧ ಕೆಲಸ ಹೇಳಿದ್ದು ಅದರ ಯಾವ ಚಾರ್ಟಿನಲ್ಲೂ ಬರುವುದಿಲ್ಲ.